ಪೆಟ್ಟಿಗೆಯೊಳಗಿನ ಕೊಸರು

ಹೊಸ ಹುಡುಗಿ ಕೊಸರತ್ತೆಯನ್ನು ಮೊದಲು ನೋಡಿದ್ದು ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ. ಅತ್ತೆ ಬೋರಲು ಹಾಕಿದ ಮರದ ಪೆಟ್ಟಿಗೆಯ ಮೇಲೆ ಕೂತು, ಬಿಳಿ ಫೋಮ್ ಹಾಳೆಯನ್ನು ಮೊಳ ಹಾಕಿ ಅಳೆದು ಕತ್ತರಿಸುತ್ತಿದ್ದರು. ತುಟಿಯ ನಡುವೆ ಮೊಳೆಗಳು, ಹುಬ್ಬಿನ ಮೇಲೆ ಫೋಮಿನ ಪುಡಿ. ಕಿಟಕಿಯ ಒಡೆದ ಗಾಜಿಗೆ ರಟ್ಟು ಮೆತ್ತಿದ್ದರು. ಅದರ ಸಂದಿಯಿಂದ ಬಂದ ಗಾಳಿಗೆ ಪುಡಿ ಹಾರಿ ಹುಡುಗಿಯ ಹೊಸ ಬಟ್ಟೆಗೆಲ್ಲ ಅಂಟಿಕೊಂಡಿತು. ಅತ್ತೆ ಮೊಳೆಗಳನ್ನು ಅಂಗೈಗೆ ಉಗುಳಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಏನಮ್ಮಾ ನಿನ್ನ ಕೆಲಸ?”

“ಹೊರದೇಶಕ್ಕೆ ಹೋಗೋ ಮಾಲಿಗೆ ಅನುಮತಿ ಎಲ್ಲ ಸರಿ ಇದೆಯಾ ಅಂತ ನೋಡೋದು.”

“ಅಂದ್ರೆ ಬೇಡ ಬೇಡ ಅನ್ನೋ ಕೆಲಸ,” ಎಂದು ಅತ್ತೆ ತೀರ್ಮಾನಿಸಿದರು. ಪುಡಿ ಕೊಡವಿಕೊಳ್ಳಲು ಒಂದು ಬ್ರಷ್ ಕೊಟ್ಟರು. ಕೇಳದಿದ್ದರೂ ಜೊತೆಗೊಂದು ಪೆನ್ನು, ಒಂದು ಟೇಪಿನ ಸುರುಳಿ. ಅಂದಿನಿಂದ ಹುಡುಗಿಗೆ ಪರ್ಮಿಟ್ಟಮ್ಮ ಎಂದೇ ಹೆಸರಾಯಿತು.

ಕೊಸರತ್ತೆಯ ಹೆಸರಿಗೂ ಕಾರಣವಿತ್ತು. ಕಾರ್ಖಾನೆಗೆ ಬರುವ ಮೊದಲು ಅವರು ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿ ಬೀದಿ ತರಕಾರಿ ಮಾರುತ್ತಿದ್ದರು. ತೂಕ ಮುಗಿದ ಮೇಲೆ ಕೊಸರು ಎಂದು ಒಂದು ಹಿಡಿ ಹೆಚ್ಚಿಗೆ ಹಾಕದೆ ಅವರ ಕೈ ಹಿಂದೆ ಬರುತ್ತಿರಲಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಬುಟ್ಟಿ ಇಳಿಯಿತು, ಆದರೆ ಚಾಳಿ ಇಳಿಯಲಿಲ್ಲ. ಕಾರ್ಖಾನೆಯ ಪೆಟ್ಟಿಗೆಗಳಲ್ಲಿ ನಾಲ್ಕಾರು ಸ್ಕ್ರೂ, ಒರೆಸುವ ಬಟ್ಟೆ, ಕೈಗವಸು ಎಂದು ಏನಾದರೊಂದು ಹೆಚ್ಚಿಗೆ ಇದ್ದೇ ಇರುತ್ತಿತ್ತು. ಗಿರಾಕಿಗಳು ಹೊಗಳಿ ಬರೆಯುತ್ತಿದ್ದರು. ಯಜಮಾನರೂ ಕಂಡೂ ಕಾಣದಂತೆ ಇದ್ದರು.

ಅಲ್ಲಿ ತಯಾರಾಗುತ್ತಿದ್ದದ್ದು ಗಾಜು ಕರಗಿಸುವ ಕುಲುಮೆಗಳನ್ನು ಕಾಯುವ ಯಂತ್ರ. ಕುಲುಮೆಯಲ್ಲಿ ಎಲ್ಲಿ ಶಾಖ ಹೆಚ್ಚಾಯಿತು ಎಂಬುದನ್ನು ಅದರೊಳಗಿನ ಒಂದು ಪುಟ್ಟ ಕ್ಯಾಮೆರಾ ನೋಡಿ ಹೇಳುತ್ತದೆ. ಕೆಲಸದವರು ಅದನ್ನು ಕಣ್ಣು ಎನ್ನುತ್ತಿದ್ದರು. ಕಣ್ಣು ಬರುತ್ತಿದ್ದದ್ದು ಬೇರೊಂದು ದೇಶದಿಂದ. ಯಾವ ಯಂತ್ರದಲ್ಲಿ ಎಷ್ಟು ಕಣ್ಣು ಕೂರಿಸಿ ಯಾರಿಗೆ ಕಳಿಸುತ್ತೇವೆ ಎಂದು ಕಣ್ಣು ತಯಾರಿಸುವವರ ಮೂಲಕ ಆ ದೇಶದ ಸರ್ಕಾರಕ್ಕೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕಿತ್ತು. ಹಿಂದೊಮ್ಮೆ ತಿಳಿಸುವುದು ತಡವಾಗಿ, ಕಣ್ಣು ತಯಾರಿಸುವವರು ಪೂರೈಕೆಯನ್ನೇ ನಿಲ್ಲಿಸುತ್ತೇವೆಂದು ಹೆದರಿಸಿದ್ದರು. ಆಗ ಯಜಮಾನರು ಎಲ್ಲರನ್ನೂ ಸೇರಿಸಿ, ಇನ್ನೊಮ್ಮೆ ಹೀಗಾದರೆ ತಪ್ಪು ಮಾಡಿದವರು ನೇರ ಮನೆಗೆ ಎಂದು ಹೇಳಿದ್ದರು. ಹುಡುಗಿಯನ್ನು ಕೆಲಸಕ್ಕೆ ತೆಗೆದುಕೊಂಡದ್ದೂ ಅದಕ್ಕೇ.

ಅವಳು ಸಹಿ ಹಾಕಿದ ಮೊದಲ ಪೆಟ್ಟಿಗೆ ಸಾಗಣೆಯವರ ಗೋದಾಮಿಗೆ ಹೋದ ಮಧ್ಯಾಹ್ನ, ಇಬ್ಬರೂ ಶೆಡ್ಡಿನಲ್ಲಿ ಚಹಾ ಕುಡಿಯುತ್ತಿದ್ದರು. ಅತ್ತೆ ಖುಷಿಯಾಗಿದ್ದರು. ಪಾಪ, ಅಷ್ಟು ದೂರದವರು, ಒಂದು ಕಣ್ಣು ಕೆಟ್ಟರೆ ಯಾರನ್ನು ಕೇಳುತ್ತಾರೆ ಎಂದುಕೊಂಡು, ಪಟ್ಟಿ ಹೊಂದಿಸಿ ನೋಡಿ ಹುಡುಗಿ ಆಚೆ ಹೋದ ಮೇಲೆ ಇನ್ನೊಂದು ಕಣ್ಣನ್ನೂ ಒಳಗಿಟ್ಟು ಮೊಳೆ ಹೊಡೆದಿದ್ದಾಗಿ ಹೇಳಿದರು.

ಹುಡುಗಿ ಕುಡಿಯುತ್ತಿದ್ದ ಚಹಾ ಅಲ್ಲೇ ಬಿಟ್ಟಳು. ಯಜಮಾನರಿಗೆ ಹೇಳಿದರೆ ಅತ್ತೆಯ ಕೆಲಸ ಹೋಗುತ್ತದೆ. ಮತ್ತೆ ಬುಟ್ಟಿ ಹೊರುವ ಮೊಣಕಾಲು ಅವರದಲ್ಲ. ಹೇಳದಿದ್ದರೆ ಅವಳ ಸಹಿಯೇ ಸುಳ್ಳು. ಪೆಟ್ಟಿಗೆಗೆ ಮುದ್ರೆ ಬಿದ್ದಿದ್ದರಿಂದ ಯಜಮಾನರಿಲ್ಲದೆ ಅದನ್ನು ತೆರೆಯಿಸುವುದೂ ಆಗದ ಮಾತು. ಅವಳು ಅತ್ತೆಗೆ ಆದ ತಪ್ಪನ್ನು ಬಿಡಿಸಿ ಹೇಳಿದಳು.

“ಅಲ್ಲ ಕಣೇ, ದುಡ್ಡು ಕೊಟ್ಟು ತಂದ ಮೇಲೆ ಅದು ನಮ್ಮದಲ್ವಾ?”

“ನಮ್ಮದೇ ಅತ್ತೆ. ಆದ್ರೆ ಇನ್ನೊಬ್ಬರಿಗೆ ಕಳಿಸೋಕೆ ಅವರನ್ನ ಕೇಳಬೇಕು.”

“ಬೀಗರು ಹಾಕಿದ ಒಡವೆ ಹಾಗೆ ಅನ್ನು. ಹಾಕ್ಕೊಂಡು ಮೆರೀಬಹುದು, ತಂಗಿಗೆ ಕೊಡೋ ಹಾಗಿಲ್ಲ.”

ಹುಡುಗಿಗೆ ನಗು ಬಂತು, ಆದರೂ ತಡೆದುಕೊಂಡಳು. “ಇದೇ ಕಣ್ಣು ಕತ್ತಲಲ್ಲಿ ಮನುಷ್ಯರನ್ನೂ ನೋಡತ್ತೆ. ಬಂದೂಕಿಗೂ ಕಟ್ಟಬಹುದು. ಲೆಕ್ಕದಲ್ಲಿ ಇಲ್ಲದ ಕಣ್ಣು ಯಾರ ಕೈಗೆ ಹೋಯ್ತು ಅಂತ ಯಾರಿಗೂ ಗೊತ್ತಾಗಲ್ಲ.”

ಅತ್ತೆ ಲೋಟ ಕೆಳಗಿಟ್ಟರು. ಆಮೇಲೆ ಮೊಣಕಾಲು ಹಿಡಿದುಕೊಂಡು ಎದ್ದು ನಡೆದರು. ಹುಡುಗಿ ಹಿಂದೆಯೇ ಓಡುವಷ್ಟರಲ್ಲಿ ಅವರು ಯಜಮಾನರ ಬಾಗಿಲಲ್ಲಿದ್ದರು.

“ಯಜಮಾನ್ರೇ, ಪೆಟ್ಟಿಗೇಲಿ ಒಂದು ಕಣ್ಣು ಜಾಸ್ತಿ ಹೋಗಿದೆ. ಹಾಕಿದ್ದು ನಾನು. ಈ ಹುಡುಗಿಗೆ ಗೊತ್ತಿರಲಿಲ್ಲ.”

ಯಜಮಾನರು ಬೈಯಲಿಲ್ಲ. ಪೆಟ್ಟಿಗೆ ವಿಮಾನ ಹತ್ತಿತೇ ಎಂದಷ್ಟೇ ಕೇಳಿದರು. ಇಲ್ಲ ಎಂದು ತಿಳಿದದ್ದೇ ತಡ, ಮೂವರೂ ವ್ಯಾನಿನಲ್ಲಿ ಗೋದಾಮಿಗೆ ಹೊರಟರು.

ಅತ್ತೆ ಕಟ್ಟಿದ ಪೆಟ್ಟಿಗೆ ಅಷ್ಟು ಸುಲಭವಾಗಿ ಬಿಚ್ಚಿಕೊಳ್ಳುವಂಥದ್ದಲ್ಲ. ಯಜಮಾನರು ಅಂಗಿಯ ತೋಳು ಮಡಚಿ ಎಳೆದಾಡಿ ಬೆವತರು. ಬಸುರಿಯನ್ನು ಬಂಡಿಯಿಂದ ಇಳಿಸುವ ಹಾಗೆ ನಿಧಾನಕ್ಕೆ ಬಿಚ್ಚಬೇಕು, ಹೀಗೆ ಕಿತ್ತಾಡಬಾರದು ಎಂದು ಅತ್ತೆ ಆ ಹೊತ್ತಿನಲ್ಲೂ ಅವರನ್ನೇ ಗದರಿದರು. ಒಳಗಿನಿಂದ ಕಣ್ಣು ಬಂತು. ಅದರ ಹಿಂದೆ ಸ್ಕ್ರೂಗಳ ಪೊಟ್ಟಣ, ಕೈಗವಸು, ಒರೆಸುವ ಬಟ್ಟೆ, ಒಂದು ಪುಟ್ಟ ಟಾರ್ಚು ಸಾಲಾಗಿ ಬಂದವು.

“ಇದೇನು ಯಂತ್ರವೋ, ಮಗಳನ್ನ ಗಂಡನ ಮನೆಗೆ ಕಳಿಸೋ ಗಂಟೋ?” ಎಂದ ಗೋದಾಮಿನವ. ಯಜಮಾನರೂ ನಕ್ಕುಬಿಟ್ಟರು.

ಆದರೆ ನಗುವಿನಲ್ಲಿ ವಿಷಯ ಮುಗಿಯಲಿಲ್ಲ. ಮುಚ್ಚಿಟ್ಟು ಮುಂದೆ ಸಿಕ್ಕಿಬೀಳುವುದಕ್ಕಿಂತ ನಾವೇ ಹೇಳುವುದು ವಾಸಿ ಎಂದು ಹುಡುಗಿ ಪಟ್ಟು ಹಿಡಿದಳು. ಯಜಮಾನರು ಕಣ್ಣು ತಯಾರಿಸುವವರಿಗೆ ನಡೆದದ್ದನ್ನು ನಡೆದಂತೆ ಬರೆದರು. ಉತ್ತರ ಬರುವವರೆಗೂ ಅತ್ತೆ ಪೆಟ್ಟಿಗೆ ಮುಟ್ಟುವಂತಿರಲಿಲ್ಲ. ಅವರು ಶೆಡ್ಡನ್ನು ಗುಡಿಸಿದ್ದೇ ಗುಡಿಸಿದ್ದು. ಕೊನೆಗೆ ಗುಡಿಸಲು ಏನೂ ಉಳಿಯದೆ ಕಿಟಕಿಯ ರಟ್ಟು ಕಿತ್ತು ಹೊಸದು ಮೆತ್ತಿದರು. ಹುಡುಗಿ ಆ ದಿನಗಳಲ್ಲಿ ಚಹಾಕ್ಕೆ ಹೋದರೂ ಅವರ ಮುಖ ನೋಡಲಾಗದೆ ಗೋಡೆ ನೋಡುತ್ತಿದ್ದಳು.

ಉತ್ತರ ಬಂತು. ಮಾಲು ಗಡಿ ದಾಟಿಲ್ಲವಾದ್ದರಿಂದ ನಿಯಮ ಮುರಿದಂತಾಗಿಲ್ಲ, ತಾವಾಗಿ ತಿಳಿಸಿದ್ದು ಒಳ್ಳೆಯದಾಯಿತು ಎಂದಿತ್ತು. ಇನ್ನು ಮುಂದೆ ಹೀಗಾಗದಂತೆ ಏನು ಮಾಡುತ್ತೀರಿ ಎಂದೂ ಕೇಳಿದ್ದರು. ಯಜಮಾನರು ಆ ಪ್ರಶ್ನೆಯನ್ನು ಅತ್ತೆಯ ಮುಂದೆಯೇ ಇಟ್ಟರು.

“ಇನ್ನು ಮೇಲೆ ಹಾಕಲ್ಲ ಅಂತ ಆಣೆ ಮಾಡ್ತೀನಿ, ಆದ್ರೆ ನಂಬಬೇಡಿ,” ಎಂದರು ಅತ್ತೆ. “ಎದುರಿಗೆ ಇದ್ರೆ ನನ್ನ ಕೈ ಸುಮ್ಮನಿರಲ್ಲ. ಬೇಕಾದಷ್ಟು ಕಣ್ಣು ಮಾತ್ರ ನನಗೆ ಕೊಡಿ. ಮಿಕ್ಕಿದ್ದನ್ನ ಬೀರುವಿನಲ್ಲಿಟ್ಟು ಬೀಗದ ಕೈ ಪರ್ಮಿಟ್ಟಮ್ಮನ ಹತ್ರ ಇರಲಿ. ಮೊಳೆ ಹೊಡೆಯೋವರೆಗೂ ಅವಳು ಪಕ್ಕದಲ್ಲೇ ನಿಂತಿರಲಿ.”

ಯಜಮಾನರು ಅದನ್ನೇ ಬರೆದು ಕಳಿಸಿದರು. ಕಣ್ಣು ತಯಾರಿಸುವವರೂ ಒಪ್ಪಿದರು. ತಾವಾಗಿ ಬಂದು ತಪ್ಪು ಒಪ್ಪಿಕೊಂಡ ಅತ್ತೆಯನ್ನು ಯಜಮಾನರು ಮನೆಗೆ ಕಳಿಸಲಿಲ್ಲ.

ಕೊಸರತ್ತೆ ಈಗಲೂ ಅದೇ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಾರೆ, ವಾರಕ್ಕೊಂದು ದಿನ ಹೊಸಬರಿಗೆ ಫೋಮ್ ಕತ್ತರಿಸುವುದನ್ನು ಕಲಿಸುತ್ತಾರೆ.