ಮಾತಾಡಿದವರ ಹೆಸರು

ಲೀಡರುಗಳನ್ನು ತಯಾರು ಮಾಡುವುದರಲ್ಲಿ ಗಣಿತದ ಟೀಚರದು ಪಳಗಿದ ಕೈ ಎಂದು ಇಡೀ ಶಾಲೆ ಒಪ್ಪಿಕೊಂಡಿತ್ತು. ಒಂದನೇ ತರಗತಿಯಲ್ಲಿ ಬೋರ್ಡು ಒರೆಸುವ ಕೆಲಸ, ಮೂರರಲ್ಲಿ ಸಾಲು ನಿಲ್ಲಿಸುವ ಕೆಲಸ, ಐದಕ್ಕೆ ತರಗತಿಯ ಲೀಡರ್, ಏಳಕ್ಕೆ ಶಾಲೆಯ ಲೀಡರ್. ಹೀಗೆ ಮಕ್ಕಳನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತ ಅವರಿಗೆ ಮೂವತ್ತೊಂದು ವರ್ಷ ಕಳೆದಿತ್ತು. 'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?' ಎಂಬ ಮಾತು ದಿನಕ್ಕೆ ನಾಲ್ಕು ಸಲವಾದರೂ ಅವರ ಬಾಯಲ್ಲಿ ಬರುತ್ತಿತ್ತು. ಲೀಡರ್ ಆದವಳ ಕೈಗೆ ಮೊದಲ ದಿನವೇ ಒಂದು ಸೀಮೆಸುಣ್ಣದ ತುಂಡು ಕೊಡುತ್ತಿದ್ದರು. ಟೀಚರ್ ಹೊರಗೆ ಹೋದಾಗ ಮಾತಾಡಿದವರ ಹೆಸರು ಬರೆದಿಡಬೇಕು.

ಆ ಮಂಗಳವಾರ ಅವರು ಮಕ್ಕಳ ಸಮವಸ್ತ್ರದ ಅಳತೆಪಟ್ಟಿ ಹಿಡಿದು ಹೊಲಿಗೆ ಕಾರ್ಖಾನೆಗೆ ಹೋದರು. ಉದ್ದನೆಯ ಹಜಾರ, ಎರಡು ಸಾಲು ಯಂತ್ರ, ಮೂವತ್ತು ಬಗ್ಗಿದ ತಲೆ. ಯಂತ್ರಗಳ ಸದ್ದು ಬಿಟ್ಟರೆ ಒಂದು ಪಿಸುಮಾತೂ ಇಲ್ಲ.

"ಅಯ್ಯೋ, ಟೀಚರ್! ಬನ್ನಿ ಬನ್ನಿ, ಕೂತ್ಕೊಳ್ಳಿ." ಓಡಿಬಂದವಳು ಅಲ್ಲಿನ ಸೂಪರ್‌ವೈಸರ್. ಟೀಚರ ಕೈಯಲ್ಲೇ ಬೆಳೆದ ಹುಡುಗಿ. ಖಣಖಣ ದನಿಗೆ ಶಾಲೆಯಲ್ಲಿ 'ಗಂಟೆ' ಎಂದೇ ಹೆಸರಾಗಿದ್ದವಳು. ಟೀಚರಿಗೆ ಎದೆ ಉಬ್ಬಿತು.

"ಏನೇ ಗಂಟೆ, ಇಷ್ಟು ಜನರನ್ನ ಹೇಗೆ ಸುಮ್ಮನಿರಿಸ್ತೀಯೇ?"

"ನೀವು ಕಲಿಸಿದ ವಿದ್ಯೆನೇ ಟೀಚರ್." ಗಂಟೆ ಹೆಮ್ಮೆಯಿಂದ ಗೋಡೆಯತ್ತ ಕೈ ತೋರಿಸಿದಳು.

ಗೋಡೆಯ ಮೇಲೆ ಕಪ್ಪು ಹಲಗೆ. ಯಂತ್ರಗಳ ನಂಬರು, ಪಕ್ಕದಲ್ಲಿ ಮಾತಾಡಿದ್ದಕ್ಕೆ ಒಂದೊಂದು ಗೆರೆ. ಮೂರು ಗೆರೆ ಬಿದ್ದವರಿಗೆ ಟೀ ವಿರಾಮವಿಲ್ಲ. ಹದಿನಾಲ್ಕರ ಮುಂದೆ ಮೂರು ಗೆರೆಗಳಿದ್ದವು.

ಹದಿನಾಲ್ಕನೆಯ ಯಂತ್ರದಿಂದ ಒಬ್ಬಳು ತಲೆಯೆತ್ತಿ ನಕ್ಕಳು. "ಟೀಚರೇ, ಗುರುತು ಸಿಕ್ತಾ? ನಾನು, ಗಿಣಿ! ನೋಡಿ, ಇನ್ನೂ ಬೋರ್ಡಿನ ಮೇಲೇ ಇದ್ದೀನಿ. ನಿಮ್ಮ ಕಾಲದಿಂದ ಇಳಿದೇ ಇಲ್ಲ!"

"ನಾಲ್ಕನೇ ಗೆರೆ ಬೇಕೇನೇ?" ಎಂದಳು ಗಂಟೆ.

"ಹಾಕು ಮಾರಾಯ್ತಿ, ಒಂದು ಕೈ ಹೆಚ್ಚೇ ಹಾಕು. ಇವಳ ಉಗುರಿಗೆ ಸೂಜಿ ಇಳಿದು ರಕ್ತ ಬಂತು, ಬಟ್ಟೆ ಬೇಕಾ ಅಂತ ಕೇಳಿದೆ. ಮೂಗಿಯ ಹಾಗೆ ಕೂತಿರ್ಬೇಕಿತ್ತಾ?"

ಪಕ್ಕದವಳು ಚಿಂದಿ ಸುತ್ತಿದ ಬೆರಳನ್ನು ಮಡಿಲಲ್ಲಿ ಮುಚ್ಚಿಕೊಂಡಳು.

ಈ ಮಾತನ್ನು ಟೀಚರ್ ಹಿಂದೆ ಒಮ್ಮೆ ಕೇಳಿದ್ದರು. ಐದನೇ ತರಗತಿಯ ಬೋರ್ಡಿನ ಮೇಲೆ ಒಂದು ಹೆಸರು ಅಳಿಸಿದ ಬಿಳಿ ಕಲೆ. ಒರೆಸಿದ್ದು ಯಾರೆಂದು ಗದರಿದಾಗ ಪುಟ್ಟ ಗಂಟೆ ಎದ್ದು ನಿಂತು, "ನಾನೇ ಟೀಚರ್. ಗಿಣಿ ಹರಟೆ ಹೊಡೀಲಿಲ್ಲ. ಪಕ್ಕದವಳಿಗೆ ಜ್ವರ, ನೀರು ಬೇಕಾ ಅಂತ ಕೇಳಿದ್ಲು ಅಷ್ಟೇ" ಎಂದಿದ್ದಳು. ಮರುದಿನ ಪ್ರಾರ್ಥನೆಯ ಸಾಲಿನಲ್ಲಿ, ಇಡೀ ಶಾಲೆಯ ಕಣ್ಣೆದುರು, ಟೀಚರ್ ಅವಳ ಎದೆಯ ಮೇಲಿನ ಬ್ಯಾಡ್ಜು ಕಿತ್ತುಕೊಂಡಿದ್ದರು. ಅಂಗಿಯ ದಾರವೂ ಕಿತ್ತು ಬಂದಿತ್ತು. ವಾರ ಕಳೆದು ಬ್ಯಾಡ್ಜು ಮರಳಿಸಿದ ಮೇಲೆ ಆ ಹುಡುಗಿ ಯಾರ ಹೆಸರನ್ನೂ ಒರೆಸಲಿಲ್ಲ. ಹೊಸ ಟೀಚರುಗಳಿಗೆ ಅವರು ಈ ಕಥೆಯನ್ನು ಎಷ್ಟು ಸಲ ಹೇಳಿದ್ದರೋ, ಪ್ರತಿಸಲವೂ ಹೆಮ್ಮೆಯಿಂದ.

ನೆಲ ಬಾಯಿಬಿಡಬಾರದೇ ಎನಿಸಿತು. "ಆ ಗೆರೆ ಒರೆಸಿಬಿಡೇ" ಎಂದರು ತಗ್ಗಿದ ದನಿಯಲ್ಲಿ.

ಗಂಟೆ ಅವರ ಮುಖವನ್ನೇ ನೋಡಿದಳು. "ಒರೆಸೋಳು ಲೀಡರ್ ಅಲ್ಲ ಅಂದೋರು ನೀವೇ ಅಲ್ವಾ ಟೀಚರ್?"

"ತಪ್ಪು ಕಲಿಸಿದೆ ಕಣೇ. ಅವತ್ತು ನೀನು ಮಾಡಿದ್ದೇ ಸರಿ."

ಹತ್ತಿರದ ನಾಲ್ಕಾರು ಯಂತ್ರಗಳು ನಿಂತವು. ಗಂಟೆಯ ಕತ್ತು ಕೆಂಪಾಯಿತು. ಅವಳ ಬೆರಳು ತಾನಾಗಿ ಎದೆಯ ಮೇಲೆ, ಹಿಂದೆ ಬ್ಯಾಡ್ಜಿದ್ದ ಜಾಗಕ್ಕೆ ಹೋಗಿ ಬಂತು.

"ಈಗ ಹೇಳ್ತೀರಲ್ಲ ಟೀಚರ್," ಎಂದಳು, ದನಿಯಲ್ಲಿ ಖಣಖಣ ಇರಲಿಲ್ಲ. "ಮೂವತ್ತು ಜನರನ್ನ ನಡೆಸೋಕೆ ನಂಗೆ ಬೇರೆ ದಾರಿ ಗೊತ್ತಿಲ್ಲ. ನೀವು ಕಲಿಸಿದ್ದು ಇದೊಂದೇ."

ಗೆರೆ ಹಾಗೇ ಉಳಿಯಿತು. ಟೀಚರ್ ಪಟ್ಟಿಯನ್ನು ಮೇಜಿನ ಮೇಲಿಟ್ಟು, ಗಿಣಿಯ ಕಣ್ಣು ತಪ್ಪಿಸಿ ಹೊರಬಂದರು.

ಮರುದಿನ ತರಗತಿಯಿಂದ ಹೊರಡುವಾಗ ಐದನೇ ತರಗತಿಯ ಲೀಡರ್ ಎಂದಿನಂತೆ ಅಂಗೈ ಒಡ್ಡಿದಳು. ಟೀಚರ್ ಸೀಮೆಸುಣ್ಣವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು.

"ಇವತ್ತು ಹೆಸರು ಬರೆಯೋದು ಬೇಡ. ಯಾರಿಗೆ ಏನು ಬೇಕು ಅಂತ ಕೇಳ್ಕೊಂಡು ಬಾ."

ಹುಡುಗಿ ಖಾಲಿ ಅಂಗೈಯನ್ನೇ ನೋಡುತ್ತ ನಿಂತಳು. "ಹೇಗೆ ಕೇಳ್ಬೇಕು ಟೀಚರ್?"

ತೋರಿಸಿಕೊಡೋಣವೆಂದು ಟೀಚರ್ ಮೊದಲ ಬೆಂಚಿನ ಹತ್ತಿರ ಹೋದರು. ಮೂಲೆಯಲ್ಲಿ ಕುಳಿತಿದ್ದ ಪುಟ್ಟವಳ ಕಡೆ ಬಾಗಿ, ಆದಷ್ಟು ಮೆತ್ತಗೆ, "ನಿಂಗೇನಾದ್ರೂ ಬೇಕಾ ಮಗೂ?" ಎಂದರು.

ಮಗು ದಡಬಡಿಸಿ ಎದ್ದು ಕೈಕಟ್ಟಿ ನಿಂತಿತು.

"ನಾನು ಮಾತಾಡ್ಲಿಲ್ಲ ಟೀಚರ್."