ಆಕಾಶಕ್ಕೆ ಹೋದ ನಾಯಿಗೊಂದು ಎಡೆ

ನಮ್ಮ ಅತ್ತಿಗೆ ಅಕ್ಕಿರೊಟ್ಟಿ ತಟ್ಟಿದರೆ ಅದರ ಅಂಚು ಕೈವಾರ ಇಟ್ಟು ಎಳೆದ ಹಾಗಿರುತ್ತಿತ್ತು. ಬಾಳೆಲೆಯ ಮೇಲೆ ಹಿಟ್ಟಿನ ಉಂಡೆ ಇಟ್ಟು, ಬೆರಳ ತುದಿಗೆ ಎಣ್ಣೆ ಮುಟ್ಟಿಸಿಕೊಂಡು, ನಡುವಿನಿಂದ ಹೊರಕ್ಕೆ ತಟ್ಟುತ್ತ ಬರುವರು. ತಟ್ಟುವಾಗ ರೊಟ್ಟಿಯ ಕಡೆ ನೋಡುತ್ತಲೂ ಇರಲಿಲ್ಲ. ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತ, ಕರಿಹಲಗೆಯ ಮೇಲೆ ಒಂದೇ ಬೀಸಿಗೆ ವೃತ್ತ ಎಳೆದು ಪಳಗಿದ ಕೈ. ಪಕ್ಕದ ಒಲೆಯ ಬಳಿ ನಾನು ತಟ್ಟಿದ ರೊಟ್ಟಿಗೆ ದಿನಕ್ಕೊಂದು ದೇಶದ ನಕಾಶೆಯ ಆಕಾರ. ನನ್ನ ಮಗಳು ಚಿಕ್ಕವಳಿದ್ದಾಗ ತಟ್ಟೆಯಲ್ಲಿ ಎರಡನ್ನೂ ಇಟ್ಟುಕೊಂಡು, "ಇದು ಅತ್ತೇದು, ಇದು ಅಮ್ಮಂದು" ಎಂದು ಗುರುತು ಹಿಡಿದು, ಅತ್ತೆಯದನ್ನು ಮೊದಲು ತಿನ್ನುತ್ತಿದ್ದಳು. ನನ್ನದನ್ನೂ ತಿನ್ನುತ್ತಿದ್ದಳು, ಬಿಡುತ್ತಿರಲಿಲ್ಲ. ಆದರೆ ಮೊದಲು ಯಾವುದು ಎಂಬುದು ನನ್ನ ಕಣ್ಣಿಗೆ ಬೀಳುತ್ತಿತ್ತು.

ಅತ್ತಿಗೆ ಎಂದರೆ ನನ್ನ ಯಜಮಾನರ ಅಕ್ಕ. ಮದುವೆಯಾಗಲಿಲ್ಲ. ದೇವನಹಳ್ಳಿ ಪಕ್ಕದ ಆವತಿಯಲ್ಲಿ ನಮ್ಮ ಮನೆಯ ಹಿಂದಿನ ಕೋಣೆ ಅವರದು. ಆ ಕೋಣೆಯ ಗೋಡೆಗೆ ಹಳೆಯ ಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರ ಅಂಟಿಸಿದ್ದರು. ಬೂದುಬಣ್ಣದ ಚಂದ್ರನ ನೆಲ, ಅದರಾಚೆ ಕಪ್ಪು ಆಕಾಶದಲ್ಲಿ ಅರ್ಧ ಮೂಡಿದ ನೀಲಿ ಭೂಮಿ. ಚಂದ್ರನನ್ನು ಮೊದಲ ಸಲ ಸುತ್ತಿ ಬಂದವರು ತೆಗೆದ ಚಿತ್ರ. ನಮ್ಮ ಮಾವ ಬೆಳಿಗ್ಗೆ ದೇವರಿಗೆ ಕುಂಕುಮ ಇಟ್ಟು, ಹಾಗೇ ಬಂದು ಅದಕ್ಕೂ ಒಂದು ಬೊಟ್ಟು ಇಟ್ಟು ಹೋಗುತ್ತಿದ್ದರು. "ಭೂಮ್ತಾಯಿ ಅಲ್ವೇನವ್ವ, ಬುಟ್ಬುಡಕ್ಕಾಯ್ತದಾ?" ಎನ್ನುವರು. ಅತ್ತಿಗೆ ಅದನ್ನು ಒರೆಸುತ್ತಿರಲಿಲ್ಲ. ಚಿತ್ರದಲ್ಲಿ ಸಮುದ್ರ ಇರಬೇಕಾದ ಜಾಗ ಕೆಂಪಗಾಗಿಹೋಗಿತ್ತು.

ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿ ಈ ಮನೆಗೆ ಬಂದವಳು. ಮಗಳಿಗೆ ನಾನೇ ಎಲ್ಲ ಹೇಳಿಕೊಡಬೇಕು ಅಂತ ಆಸೆ ಇಟ್ಟುಕೊಂಡಿದ್ದೆ. ಬಣ್ಣದ ಪುಸ್ತಕ ತರಿಸಿದ್ದೆ, ದುಂಡಗೆ ಬರೆಯುವುದನ್ನು ಕಲಿಸಿದ್ದೆ. ಆದರೆ ಊಟಕ್ಕೆ ಕೂತಾಗ ಅತ್ತಿಗೆ ತಟ್ಟೆಯ ನಡುವೆ ಇರುವ ರಾಗಿಮುದ್ದೆಯೇ ಭೂಮಿ ಎಂದು, ಸಾರಿನೊಳಗಿನ ಒಂದು ಅವರೆಕಾಳನ್ನು ಬೆರಳ ತುದಿಯಲ್ಲಿ ಅದರ ಸುತ್ತ ಓಡಿಸಿ, "ನೋಡು, ಇದು ಬೀಳ್ತಾನೇ ಇದೆ, ಆದ್ರೆ ನೆಲ ಸಿಗ್ತಾ ಇಲ್ಲ. ಮೊದಲ್ನೇ ಉಪಗ್ರಹ ಹಿಂಗೇ ಸುತ್ತಿದ್ದು" ಎಂದರೆ ನನ್ನ ಬಣ್ಣದ ಪುಸ್ತಕ ಯಾರಿಗೆ ಬೇಕು? ಮಗಳು ಅಂದಿನಿಂದ ಮುದ್ದೆಯನ್ನು ಭೂಮಿ ಎಂದೇ ಕರೆದಳು. "ಅಮ್ಮ, ಇನ್ನರ್ಧ ಭೂಮಿ ಹಾಕು" ಎಂದು ಕೇಳುವಳು. ಬಡಿಸುವವಳು ನಾನು. ಭೂಮಿ ಮಾತ್ರ ಅತ್ತಿಗೆಯದು.

ಚಂದ್ರನ ಮೇಲೆ ಮನುಷ್ಯರು ಇಳಿದದ್ದು ನನಗೆ ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವ ಪ್ರಶ್ನೆ. ಅತ್ತಿಗೆಗೆ ಅದು ಲಂಗ ಹಾಕುತ್ತಿದ್ದ ಕಾಲದಲ್ಲಿ ಇದೇ ಜಗುಲಿಯ ಮೇಲೆ ನಡೆದ ಸಂಗತಿ. ಮಾವನ ರೇಡಿಯೊ ಸುತ್ತ ಬೀದಿಯವರೆಲ್ಲ ಸೇರಿದ್ದರಂತೆ. ಸುದ್ದಿ ಕೇಳಿ ಅವರ ಅಜ್ಜಿ ಹೌಹಾರಿ, "ಜೋಡು ಹಾಕ್ಕಂಡೇ ಹತ್ತವ್ರಾ? ಚಂದ್ರಪ್ಪನ ಮ್ಯಾಲೆ?" ಎಂದರಂತೆ. "ಬಿಚ್ಚಿದ್ರೆ ಸತ್ತೋಗ್ತಾರೆ ಕಣಜ್ಜಿ" ಎಂದು ಅತ್ತಿಗೆ ಹೇಳಿದರೂ ಆ ಮುದುಕಿಗೆ ಸಮಾಧಾನವಾಗದೆ, ಸಾಯಂಕಾಲ ಅಂಗಳದಲ್ಲಿ ನಿಂತು ಚಂದ್ರನ ಕಡೆಗೆ ಒಂದು ಲೋಟ ಹಾಲು ಎರೆದು, "ಅರೀದೆ ತುಳ್ದವ್ರೆ, ಒಟ್ಟೆಗಾಕ್ಕಳಪ್ಪ" ಎಂದು ಕೈ ಮುಗಿದರಂತೆ. ಅತ್ತಿಗೆ ಅಜ್ಜಿಯ ಧ್ವನಿಯಲ್ಲೇ ಇದನ್ನು ಹೇಳುವರು. ಮಗಳು ಬಿದ್ದು ಬಿದ್ದು ನಗುವಳು. ನಾನೂ ನಗುತ್ತಿದ್ದೆ, ಪಾತ್ರೆ ತೊಳೆಯುತ್ತ, ಬೆನ್ನು ಮಾಡಿ.

ಅತ್ತಿಗೆಯಲ್ಲಿ ನಯ ಕಡಿಮೆ ಎಂಬುದನ್ನೂ ಹೇಳಬೇಕು. ಯಾರನ್ನೂ ಹೊಗಳಿದ್ದು ಕಾಣೆ. ಬಂದ ನೆಂಟರ ಮಾತನ್ನು ನಡುವೆಯೇ ತಡೆದು ತಿದ್ದುವರು. ಮಗು ಬಿದ್ದು ಮಂಡಿ ತರಚಿಕೊಂಡು ಬಂದರೆ ನಾನು "ಏನೂ ಆಗಿಲ್ಲ ಪುಟ್ಟ" ಎನ್ನುವೆ, ಅವರು "ಆಗಿದೆ. ಅರಿಸಿನ ಹಚ್ಚಿದ್ರೆ ಉರಿಯತ್ತೆ, ಆಮೇಲೆ ಕಮ್ಮಿ ಆಗತ್ತೆ" ಎನ್ನುವರು. ಮಗು ಮಂಡಿಯನ್ನು ಅವರ ಕಡೆ ಚಾಚುತ್ತಿತ್ತು.

ಇನ್ನು ಆ ನಾಯಿಯ ವಿಷಯ. ರಷ್ಯಾದವರು ಆಕಾಶಕ್ಕೆ ಕಳಿಸಿದ ಬೀದಿನಾಯಿಯ ಕತೆಯನ್ನು ಮಗಳಿಗೆ ಮೊದಲು ಹೇಳಿದವಳು ನಾನು, ಇದನ್ನು ಒತ್ತಿ ಹೇಳುತ್ತೇನೆ. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಹೇಳಿದ್ದ ಹಾಗೆಯೇ ಹೇಳಿದೆ. ನಾಯಿ ಕಿಟಕಿಯಿಂದ ಭೂಮಿಯನ್ನು ನೋಡಿತು, ಬಾಲ ಅಲ್ಲಾಡಿಸಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅಲ್ಲಿಗೆ ಕತೆ ಮುಗಿಸಿ ಹೊದಿಕೆ ಹೊದಿಸುತ್ತಿದ್ದೆ. ಎರಡನೇ ಕ್ಲಾಸಿನಲ್ಲಿದ್ದಾಗ ಅವಳು ಒಂದು ದಿನ ಅತ್ತಿಗೆಯನ್ನು ಕೇಳಿದಳು, "ಆಮೇಲೆ ಅದು ಎಲ್ಲಿಳೀತು ಅತ್ತೆ?"

"ಇಳೀಲಿಲ್ಲ. ಸತ್ತುಹೋಯ್ತು. ಹೋಗೋ ಲೆಕ್ಕ ಹಾಕಿದ್ರು, ವಾಪಸ್ ಬರೋ ಲೆಕ್ಕ ಹಾಕಿರ್ಲಿಲ್ಲ."

ಅದು ಮಹಾಲಯ ಅಮಾವಾಸ್ಯೆಯ ದಿನ. ನಾನು ಒಲೆಯ ಮುಂದೆ ವಡೆ ಕರಿಯುತ್ತಿದ್ದೆ. ನಮ್ಮಲ್ಲಿ ಅವತ್ತು ಹಿರಿಯರಿಗೆ ಎಡೆ ಇಡುತ್ತಾರೆ. ತೀರಿಹೋದವರ ಫೋಟೋಗಳ ಮುಂದೆ ಎಲೆ ಹಾಕಿ, ಯಾರಿಗೆ ಏನು ಇಷ್ಟವೋ ಅದನ್ನೆಲ್ಲ ಬಡಿಸಿ, ಅವರು ಬಂದು ಉಣ್ಣಲಿ ಎಂದು ಸ್ವಲ್ಪ ಹೊತ್ತು ಕೋಣೆಯ ಬಾಗಿಲು ಮುಚ್ಚುತ್ತೇವೆ. ಮುತ್ತಜ್ಜನಿಗೆ ಬೀಡಿ, ಆ ಹಾಲೆರೆದ ಅಜ್ಜಿಗೆ ಕಡ್ಡಿಪುಡಿ, ಹೀಗೆ. ಉತ್ತರ ಕೇಳಿ ಹೊರಗೋಡಿದ್ದ ಮಗಳು ಸ್ವಲ್ಪ ಹೊತ್ತಿಗೆ ಅಳುತ್ತ ಬಂದಳು. ನನ್ನನ್ನು ದಾಟಿಕೊಂಡು ಹೋಗಿ ಅತ್ತಿಗೆಯ ಸೆರಗು ಹಿಡಿದು ಕೇಳಿದಳು, "ಅದಕ್ಕೆ ಯಾರು ಎಡೆ ಇಡ್ತಾರೆ?"

ಅತ್ತಿಗೆ ಬಾಳೆಲೆಯ ತುದಿಯನ್ನು ಅಂಗೈಯಗಲ ಕತ್ತರಿಸಿ, ಅನ್ನ, ಒಂದು ಮಾಂಸದ ಮೂಳೆ ಇಟ್ಟು ಅವಳ ಕೈಗೆ ಕೊಟ್ಟರು. ಮಾವ ರೇಗಿದರು: "ನಾಯ್ಗೆ ಎಡೆನಾ? ನಮ್ಮಪ್ಪನ ಪಕ್ಕದಾಗೆ? ಮಕ್ಕಳಿಗೆ ಪಾಠ ಏಳಿ ಏಳಿ ನಿನ್ ತಲೆ ಕೆಟ್ಟೈತೆ ಕಣವ್ವ!"

"ಪಕ್ಕದಲ್ಲಿ ಬೇಡ ಬಿಡಪ್ಪ, ಹೊಸ್ತಿಲ ಆಚೆ ಇಡ್ತೀವಿ. ಹೇಳದೆ ಕೇಳದೆ ಕಳಿಸಿದ್ರು ಅದನ್ನ. ಒಂದು ತುತ್ತು ಅನ್ನಕ್ಕೂ ಅದಕ್ಕೆ ಹಕ್ಕಿಲ್ವಾ?"

ಅಂದಿನಿಂದ ಪ್ರತಿ ವರ್ಷ ನಮ್ಮ ಹೊಸ್ತಿಲಾಚೆ ಆ ಚಿಕ್ಕ ಎಲೆ. ಊರಿನ ನಾಯಿಗಳಿಗೆ ಹಬ್ಬ. ಮಾವನೇ ಕೊನೆಕೊನೆಗೆ "ಆ ರಷ್ಯಾದೋನಿಗೆ ಮೂಳೆ ಇಟ್ರಾ?" ಎಂದು ವಿಚಾರಿಸುತ್ತಿದ್ದರು. ಹೆಣ್ಣುನಾಯಿ ಎಂದು ಮಗಳು ಎಷ್ಟು ತಿದ್ದಿದರೂ ಕೇಳಲಿಲ್ಲ. ನನಗೆ ಮಾತ್ರ ವಡೆಯ ಬಾಣಲೆಯ ಮುಂದೆ ನಿಂತಾಗಲೆಲ್ಲ ಅದೇ ಉರಿ: ಅಷ್ಟು ಹತ್ತಿರ ನಿಂತಿದ್ದೆ, ನನ್ನನ್ನು ಕೇಳಲಿಲ್ಲ.

ವಾಪಸ್ ಬರುವ ಲೆಕ್ಕ ಎಂಬುದು ಅತ್ತಿಗೆಯ ಬಾಯಿಮಾತಾಗಿತ್ತು. ಕಂಪ್ಯೂಟರನ್ನು ಇನ್ನೂ ಪೂರ್ತಿ ನಂಬದ ಆ ಕಾಲದಲ್ಲಿ ಅಮೆರಿಕದಲ್ಲಿ ಗಗನಯಾತ್ರಿಯ ದಾರಿಯನ್ನು ಹೆಂಗಸರು ಕೂತು ಕೈಯಲ್ಲೇ ಲೆಕ್ಕ ಹಾಕಿ ಪರೀಕ್ಷಿಸಿದ್ದರೆಂದು ಹೇಳಿ, "ಮೇಲಕ್ಕೆ ಹಾರ್ಸೋದು ಜಂಬ. ಮನೆಗೆ ತರೋದು ಲೆಕ್ಕ" ಎನ್ನುವರು. ಮಗಳು ದೇವನಹಳ್ಳಿಗೆ ಕಾಲೇಜಿಗೆ ಹೊರಟಾಗಲೂ ಅದೇ: "ಸಂಜೆ ಬಸ್ ಯಾವ್ದು, ಅದನ್ನ ಮೊದ್ಲು ಹೇಳು." ಅವಳು ತೆಗೆದುಕೊಂಡದ್ದೂ ಗಣಿತವೇ. ನಾನು ಇಂಗ್ಲಿಷ್ ಸಾಹಿತ್ಯ ಎಂದಿದ್ದೆ, ಮೆಲ್ಲಗೆ, ಒಂದು ಸಲ.

ಅವಳು ಎರಡನೇ ಪಿಯುಸಿಯಲ್ಲಿದ್ದಾಗ ಅತ್ತಿಗೆ ಊಟ ಬಿಟ್ಟರು. ಹೊಟ್ಟೆಯಲ್ಲಿ ಗಡ್ಡೆ, ಹರಡಿಬಿಟ್ಟಿದೆ ಎಂದರು ಡಾಕ್ಟರು. ಅತ್ತಿಗೆ ತಾವೇ ಕೇಳಿ ತಿಳಿದುಕೊಂಡರು. "ಪರೀಕ್ಷೆ ಮುಗೀಲಿ, ಮಗೂಗೆ ಹೇಳ್ಬೇಡ" ಎಂದರು ನನ್ನ ಯಜಮಾನರು. ಮಗಳು ಕೇಳಿದಾಗ ನಾನು, "ಗ್ಯಾಸ್ಟ್ರಿಕ್ ಕಣೇ, ವಯಸ್ಸಾಯ್ತಲ್ಲ" ಎಂದೆ. ಅವಳು ನನ್ನ ಮುಖವನ್ನೇ ನೋಡಿ, ಎದ್ದು ಸೀದಾ ಹಿಂದಿನ ಕೋಣೆಗೆ ಹೋದಳು. ನಾನು ಗಂಜಿಯ ಲೋಟ ಹಿಡಿದು ಬಾಗಿಲ ಬಳಿ ನಿಂತೆ.

"ಅತ್ತೆ, ನೀವು ಹೇಳಿ. ಗ್ಯಾಸ್ಟ್ರಿಕ್ಕಾ?"

ಅತ್ತಿಗೆ ಗೋಡೆಯ ಕಡೆ ತಿರುಗಿದ್ದರು. "ನಿಮ್ಮಮ್ಮನ್ನ ಕೇಳು."

"ಅಮ್ಮ ಯಾವತ್ತು ಸರಿಯಾಗಿ ಹೇಳ್ತಾಳೆ?"

"ಇವತ್ತು ಹೇಳ್ತಾಳೆ. ಹೋಗು, ಕೇಳೋ ರೀತೀಲಿ ಕೇಳು."

ಜಗುಲಿಯ ಮೇಲೆ ಕೂತೆವು. ಸಂಜೆಯ ವಿಮಾನವೊಂದು ಚಕ್ರ ಬಿಟ್ಟುಕೊಂಡು ತಗ್ಗಿ ಹೋಗುತ್ತಿತ್ತು. ಅದರ ಸದ್ದು ಅಡಗುವವರೆಗೆ ನನಗೆ ಪುರುಸೊತ್ತು ಸಿಕ್ಕಿತು. ಆಮೇಲೆ ಹೇಳಿದೆ. ಗಡ್ಡೆ ಎಂದೆ, ಹರಡಿದೆ ಎಂದೆ, ವಾಸಿಯಾಗಲ್ಲ ಎಂದೆ.

"ವಾಪಸ್ ಬರೋ ಲೆಕ್ಕ ಇಲ್ವಾ ಅಮ್ಮ?"

"ಇಲ್ಲ."

ಅವಳು ನನ್ನ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಎಷ್ಟೋ ವರ್ಷದ ಮೇಲೆ. ಎಣ್ಣೆ ಹಚ್ಚಿದ ಆ ತಲೆಯನ್ನು ಸವರುತ್ತ ಕೂತಿದ್ದವಳಿಗೆ ಸುಖವಾಗಬೇಕಿತ್ತು. ಇದೂ ಅತ್ತಿಗೆಯೇ ಕೊಟ್ಟು ಕಳಿಸಿದ್ದಲ್ಲವೇ ಎನಿಸಿತು.

ತಣ್ಣಗಾದ ಗಂಜಿಯನ್ನು ಬಿಸಿ ಮಾಡಿ ಒಳಗೆ ಒಯ್ದೆ.

"ಹೇಳ್ದಾ?"

"ಹೇಳ್ದೆ."

"ಅತ್ಲಾ?"

"ಅತ್ಲು."

"ನಿನ್ ಹತ್ರಾನೇ ಅತ್ಲಲ್ಲ?" ಎಂದರು. ನಾನು ಹೂಂಗುಟ್ಟಿದೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಸರಿ ಬಿಡು. ಗಂಜಿಗೆ ಉಪ್ಪು ಜಾಸ್ತಿ."

ಅತ್ತಿಗೆ ಬೇಸಿಗೆ ದಾಟಲಿಲ್ಲ.

ಆ ವರ್ಷದ ಮಹಾಲಯಕ್ಕೆ ಅತ್ತಿಗೆಯ ಫೋಟೋವೂ ಕೋಣೆ ಸೇರಿತು. ಅವರ ಎಲೆಯ ಮುಂದೆ ಏನೇನು ಇಡಬೇಕೆಂದು ಮಾತು ಬಂದಾಗ ಯಜಮಾನರು ಸೀರೆ ಎಂದರು, ಮಗಳು ಆ ಭೂಮಿಯ ಚಿತ್ರ ಎಂದಳು. ಉಣ್ಣುವುದಕ್ಕೆ ಏನು ಇಷ್ಟ ಎಂದರೆ ಇಬ್ಬರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅವರು ಸಕ್ಕರೆಯಿಲ್ಲದ ಕಾಫಿಯನ್ನು ಆರಿಸಿ, ಕೆನೆಯನ್ನು ಬೆರಳ ತುದಿಯಲ್ಲಿ ತೆಗೆದು ಕುಡಿಯುತ್ತಿದ್ದರು. ರೊಟ್ಟಿಯ ಸೀದ ಅಂಚನ್ನು ಕೊನೆಗೆ ಉಳಿಸಿಕೊಳ್ಳುತ್ತಿದ್ದರು. ದಿಂಬಿನ ಪಕ್ಕದ ಡಬ್ಬಿಯಲ್ಲಿ ಕೊಬ್ಬರಿ, ಬೆಲ್ಲ ಇರುತ್ತಿತ್ತು. ಪ್ರೀತಿಸಿದವರು ಅವರ ಮಾತು ಕೇಳುತ್ತಿದ್ದರು. ಹೊಟ್ಟೆ ಉರಿದುಕೊಂಡವಳು ಅವರ ತಟ್ಟೆಯನ್ನೂ ನೋಡುತ್ತಿದ್ದಳು.

ಎಲ್ಲವನ್ನೂ ಇಟ್ಟೆ, ಕಾಫಿಯನ್ನು ಕೆನೆ ತೆಗೆದು. ರೊಟ್ಟಿಯನ್ನು ಉಸಿರು ಹಿಡಿದು ತಟ್ಟಿ, ಒಂದು ಅಂಚು ಸೀಯಲು ಬಿಟ್ಟೆ. ಹೊಸ್ತಿಲಾಚೆಯ ಚಿಕ್ಕ ಎಲೆಯನ್ನು ಮಗಳು ಹಾಕಿದಳು. ಬಾಗಿಲು ಮುಚ್ಚಿ ಹೊರಗೆ ಕೂತೆವು. ತೆರೆದಾಗ ಕಾಫಿಯ ಮೇಲೆ ಮತ್ತೆ ತೆಳ್ಳಗೆ ಕೆನೆ ಕಟ್ಟಿತ್ತು.

"ಅತ್ತೆ ಬಂದಿದ್ರಾ ಅಮ್ಮ?" ಎಂದಳು.

ಬಂದಿದ್ದರು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. "ಗೊತ್ತಿಲ್ಲ ಕಣೇ" ಎಂದೆ.

ಅವಳು ತಲೆಯಾಡಿಸಿ, ಎಡೆಯ ರೊಟ್ಟಿಯನ್ನು ಎರಡು ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಅತ್ತೇದರಷ್ಟು ದುಂಡಗಿಲ್ಲ."

ನನಗೆ ಚುರುಕ್ಕೆಂದಿತು. ನಾನೂ ನೋಡಿದೆ. ಇರಲಿಲ್ಲ. ಅವಳು ಅದನ್ನು ಮುರಿದು ಮೊದಲ ತುಂಡು ಬಾಯಿಗಿಟ್ಟುಕೊಂಡು, ಸೀದ ಅಂಚನ್ನು ನನ್ನ ಕೈಗೆ ಕೊಟ್ಟಳು.