ಕೋಲಿಗೆ ಕಾಣದ ಅತ್ತೆ

ಸಮಸ್ತ ಮಿತ್ರರಿಗೆ ತಿಳಿಯಪಡಿಸುವುದೇನೆಂದರೆ, ಇಂದು ಬೆಳಿಗ್ಗೆ ಲಕ್ಷ್ಮೀಪುರಂನ ಇತಿಹಾಸದಲ್ಲಿ ಅರ್ಧ ಲೀಟರ್ ಹಾಲು ಸೇರ್ಪಡೆಯಾಯಿತು. ಕಣ್ಣು ಮಂಜಾದ ಮೇಲೆ ಒಬ್ಬರೇ ಗೇಟು ದಾಟದ ನಮ್ಮ ಮಾವ, ಅದನ್ನು ತಾವೇ ಹೋಗಿ ತಂದರು.

ಅವರ ಕೋಲಿಗೆ ನನ್ನ ಹೆಂಡತಿ ಸುಮಾ ಎರಡು ಸೆನ್ಸರ್ ಕಟ್ಟಿದ್ದಾಳೆ. ಅವು ಕಿವಿಗೆ ಕೇಳದ ಸದ್ದು ಕಳಿಸಿ, ಅದು ಬಡಿದು ವಾಪಸಾಗುವ ಹೊತ್ತು ನೋಡಿ, ಎದುರಿನ ವಸ್ತು ಎಷ್ಟು ದೂರ, ಎಡಕ್ಕೋ ಬಲಕ್ಕೋ ಎಂದು ಪತ್ತೆಹಚ್ಚಿ ಪೀಂ ಎನ್ನುತ್ತವೆ. ಹೊರಡುವ ಮುಂಚೆ ಅಂಗಳದಲ್ಲಿ ಪರೀಕ್ಷೆಯಾಯಿತು. ಗೋಡೆಗೆ ಪೀಂ, ಸ್ಕೂಟರಿಗೆ ಪೀಂ, ನನಗೂ ಪೀಂ. ಶಾಲು ಹೊದ್ದು ನಿಂತ ಅತ್ತೆಗೆ ಮಾತ್ರ ಮೌನ.

"ನಲವತ್ತು ವರ್ಷದಿಂದ ನಿಮಗೆ ನಾನು ಕಾಣ್ಲಿಲ್ಲ, ಈಗ ನಿಮ್ಮ ಕೋಲಿಗೂ ಕಾಣ್ಸಲ್ವೇನ್ರೀ?" ಎಂದರು ಅತ್ತೆ.

"ಉಣ್ಣೆ ಶಾಲು ಸದ್ದನ್ನ ನುಂಗ್ಬುಡುತ್ತೆ ಕಣಮ್ಮ, ತೆಗಿ ಅದನ್ನ," ಎಂದಳು ಸುಮಾ.

ತೆಗೆದರು. ಕೋಲು ಜೋರಾಗಿ ಪೀಂ ಎಂದಿತು.

"ಸಿಕ್ಬುಟ್ಟೆ ಕಣೇ!" ಎಂದು ನಕ್ಕು ಮಾವ ಹೊರಟೇಬಿಟ್ಟರು.

ನಾಳೆ ಪೇಪರ್ ಅಂಗಡಿಯವರೆಗೂ ಹೋಗುತ್ತಾರಂತೆ. ಅತ್ತೆಯ ಶಾಲು ಬೀರು ಸೇರಿದೆ. ನಮ್ಮ ಬೀದಿಯವರೇ, ಫುಟ್‌ಪಾತಿಗೆ ಅಡ್ಡವಾಗಿ ಒಣಹಾಕಿದ ಕಂಬಳಿಗಳನ್ನು ದಯವಿಟ್ಟು ಬೆಳಿಗ್ಗೆ ಏಳು ಗಂಟೆಯೊಳಗೆ ತೆಗೆದುಕೊಂಡುಬಿಡಿ.